ಕಡೇ ಡಬ್ಬಿಯ ಅಪ್ಪ

ರಾತ್ರಿ ಎರಡಕ್ಕೋ ಮೂರಕ್ಕೋ ಡ್ಯೂಟಿಗೆ ಕರೆಯುವ ಕಾಲ್ ಬಾಯ್ ಬಂದು ಬಾಗಿಲು ಬಡಿಯುತ್ತಿದ್ದ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆಲ್ಲ ಆ ಸದ್ದು ಗೊತ್ತು. ಅವನು ಚಾಚಿದ ಪುಸ್ತಕಕ್ಕೆ ಅಪ್ಪ ನಿದ್ದೆಗಣ್ಣಲ್ಲೇ ಸಹಿ ಹಾಕುತ್ತಿದ್ದ. ಅಷ್ಟರಲ್ಲಿ ಅವ್ವ ಬುತ್ತಿ ಕಟ್ಟಿ ಮುಗಿಸಿರುತ್ತಿದ್ದಳು: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಎರಡು ಉಳ್ಳಾಗಡ್ಡಿ. ಎರಡು ದಿನವಾದರೂ ಕೆಡದ ಊಟ. ಅಪ್ಪ ಯಾವಾಗ ತಿರುಗಿ ಬರುತ್ತಾನೆ ಅನ್ನುವುದು ಅವನಿಗೂ ಗೊತ್ತಿರುತ್ತಿರಲಿಲ್ಲ.

ಅಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದ. ಅವನ ಕರಿ ತಗಡಿನ ಲೈನ್ ಬಾಕ್ಸ್ ಈಗ ನನ್ನ ಮನೆಯಲ್ಲಿದೆ. ಮುಚ್ಚಳ ತೆಗೆದರೆ ಇವತ್ತಿಗೂ ಸೀಮೆಎಣ್ಣೆ ವಾಸನೆ. ಕೆಂಪು ಹಸಿರು ಬಾವುಟ, ಸೀಟಿ, ರೂಲ್ ಬುಕ್ಕು, ಮೂರು ಬಣ್ಣ ತೋರಿಸುವ ಕೈದೀಪ ಎಲ್ಲ ಅದರೊಳಗೆ ಇರುತ್ತಿದ್ದವು. ಡಿಟೋನೇಟರಿನ ಡಬ್ಬಿಯನ್ನು ಮಾತ್ರ ನಮಗೆ ಮುಟ್ಟಗೊಡುತ್ತಿರಲಿಲ್ಲ. ಗಾಡಿ ನಡುದಾರಿಯಲ್ಲಿ ಕೆಟ್ಟು ನಿಂತರೆ ಗಾರ್ಡ್ ಹಿಂದಕ್ಕೆ ನಡೆದು ಹೋಗಿ ಅದನ್ನು ಹಳಿಯ ಮೇಲೆ ಕಟ್ಟಬೇಕು. ಹಿಂದಿನಿಂದ ಬರುವ ಎಂಜಿನ್ನಿನ ಗಾಲಿಯಡಿ ಅದು ಢಂ ಅಂದರೆ ಆ ಡ್ರೈವರ್ ಎಚ್ಚೆತ್ತು ನಿಲ್ಲಿಸುತ್ತಾನೆ. ಮಳೆಗಾಲದ ಕತ್ತಲಲ್ಲಿ, ಕಾಡಿನೊಳಗೆ, ಒಂದು ಕೈದೀಪ ಹಿಡಿದು ಒಬ್ಬನೇ ನಡೆಯುವುದು ಎಂದರೆ ಏನು ಅನ್ನುವುದು ನನಗೆ ತಿಳಿದದ್ದು ನಾನೇ ತಾಯಿಯಾದ ಮೇಲೆ.

ಆ ಕಾಡಿನ ದಾರಿಗೂ ಒಂದು ಕತೆಯಿದೆ. 1876–78ರ ಭೀಕರ ಬರಗಾಲದಲ್ಲಿ ನಮ್ಮ ಸೀಮೆಗೆ ಕಾಳು ತಲುಪಿಸಲು ಹಳಿಯೇ ಇರಲಿಲ್ಲ. ಆ ಪಾಠದ ಬೆನ್ನಿಗೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದಕ್ಕೂ ಮೊದಲು, 1878ರಲ್ಲೇ, ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡಿದ್ದರು. ಹುಬ್ಬಳ್ಳಿ-ಧಾರವಾಡದ ಹತ್ತಿಗೆ ಗೋವೆಯ ಮರ್ಮಗೋವಾ ಬಂದರು ಬೇಕಿತ್ತು, ಬಂದರಿಗೆ ಸರಕು ಬೇಕಿತ್ತು. ಹಾಗಾಗಿ ಸಹ್ಯಾದ್ರಿಯನ್ನು ಕೊರೆದು ಮೀಟರ್ ಗೇಜ್ ಹಳಿ ಹಾಸಿದರು. ಕ್ಯಾಸಲ್‌ರಾಕಿನಿಂದ ಕುಳೆಮ್‌ವರೆಗೆ ಸುಮಾರು 26 ಕಿ.ಮೀ. ಇಳಿಜಾರು, 37 ಅಡಿಗೆ 1 ಅಡಿಯಂತೆ. ಏರುವ ಗಾಡಿಯನ್ನು ಹಿಂದಿನಿಂದ ಬ್ಯಾಂಕರ್ ಎಂಜಿನ್ ನೂಕಬೇಕು. ಇಳಿಯುವ ಗಾಡಿ ಬ್ರೇಕ್ ಹಿಡಿಯದೆ ಓಡಿದರೆ ತಡೆಯಲು ಎದುರೇರಿನ ಕ್ಯಾಚ್ ಸೈಡಿಂಗು. ಘಟ್ಟ ಇಳಿಯುವಾಗ ಹ್ಯಾಂಡ್ ಬ್ರೇಕಿನ ಚಕ್ರದ ಮೇಲಿಂದ ಅಪ್ಪನ ಕೈ ಕದಲುತ್ತಿರಲಿಲ್ಲವಂತೆ. ಎಡಗೈಯ ಅಂಗೈ ಕೊನೆಯವರೆಗೂ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿಯೇ ಇತ್ತು. ಮೊಮ್ಮಕ್ಕಳು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದವು.

ಅಪ್ಪ 1950ರಲ್ಲಿ ಕೆಲಸಕ್ಕೆ ಸೇರಿದಾಗ ಡಬ್ಬಿಗಳ ಮೇಲೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ಎಂದು ಬರೆದಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಅದು ದಕ್ಷಿಣ ರೈಲ್ವೆಯಾಯಿತು, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ. ಹಳಿ ಅದೇ, ಬುತ್ತಿಯೂ ಅದೇ.

1955ರ ಆಗಸ್ಟ್ 15ರಂದು ಗೋವಾದ ಬಿಡುಗಡೆಗಾಗಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಅದಾದ ಮೇಲೆ ಕ್ಯಾಸಲ್‌ರಾಕಿನಿಂದಾಚೆ ಗಾಡಿ ಓಡಾಟ ನಿಂತೇ ಹೋಯಿತು. ಅಲ್ಲಿಯವರೆಗೆ ಕಸ್ಟಮ್ಸ್ ತಪಾಸಣೆಯ ಗದ್ದಲದಲ್ಲಿದ್ದ ಆ ಗಡಿ ಸ್ಟೇಷನ್ನು ಮೌನವಾಯಿತು. ಗಾಡಿ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನ ಮುಂದೆ ಕೂತು ತುಕ್ಕು ಹಿಡಿಯುತ್ತಿದ್ದ ಹಳಿಯನ್ನು ನೋಡುತ್ತಿದ್ದುದನ್ನು ಅಪ್ಪ ಹೇಳುವಾಗ ಅವನ ದನಿ ತಗ್ಗುತ್ತಿತ್ತು. ‘ಹಳಿ ಹೊಳೀಬೇಕವ್ವಾ, ಹೊಳೀಲಿಲ್ಲಂದ್ರ ಅದು ಕಬ್ಬಿಣ ಅಷ್ಟ’ ಅನ್ನುತ್ತಿದ್ದ. 1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆಯಾಯಿತು. ಮುಂದೆ ಹೊಸಪೇಟೆ ಕಡೆಯ ಅದಿರು ತುಂಬಿಕೊಂಡು ಅಪ್ಪ ಮತ್ತೆ ಘಟ್ಟ ಇಳಿದ. ಆ ದಿನಗಳಲ್ಲಿ ಅವನ ಅಂಗಿಗೆ ಎಷ್ಟು ಒಗೆದರೂ ಬಿಡದ ಕೆಂಪು.

ಗುಂತಕಲ್ಲು, ಮಿರಜ, ಲೋಂಡಾ, ಗದಗ: ಅಪ್ಪ ಮನೆಯಲ್ಲಿ ಮಲಗಿದ್ದಕ್ಕಿಂತ ರನ್ನಿಂಗ್ ರೂಮುಗಳಲ್ಲಿ ಮಲಗಿದ್ದೇ ಹೆಚ್ಚು. ನಿವೃತ್ತಿಯ ನಂತರ ಪಾಸ್ ಮೇಲೆ ಅವ್ವನನ್ನು ಕಾಶಿಗೆ, ಪುರಿಗೆ ಕರೆದುಕೊಂಡು ಹೋದ. ರಾಮೇಶ್ವರದ ಯಾತ್ರೆಗೆ ನಾನೂ ಜೊತೆಗಿದ್ದೆ. ಪಾಂಬನ್ ಸೇತುವೆಯ ಮೇಲೆ ಆಗಿನ್ನೂ ಮೀಟರ್ ಗೇಜೇ ಇತ್ತು. ಎಲ್ಲರೂ ಸಮುದ್ರ ನೋಡುತ್ತಿದ್ದರೆ ಅಪ್ಪ ಕಣ್ಣು ಮುಚ್ಚಿ ಗಾಲಿಯ ಸದ್ದು ಕೇಳುತ್ತಿದ್ದ. ‘ನೋಡೂದು ಬಿಟ್ಟು ಇದೇನಪ್ಪಾ?’ ಅಂದೆ. ‘ಡ್ರೈವರ್ ಬರೂ ಊರು ನೋಡ್ತಾನ. ನಾ ಜೀವನಪೂರ್ತಿ ಹಿಂದ ಸರಿಯೂ ಊರು ನೋಡಿದಾಂವ. ಸದ್ದು ಮಾತ್ರ ಇಬ್ಬರಿಗೂ ಒಂದ’ ಅಂದ.

1990ರ ದಶಕದಲ್ಲಿ ನಮ್ಮ ಹಳಿಗಳೂ ಬ್ರಾಡ್ ಗೇಜ್ ಆದವು. ಜನರಿಗೆ ಅದರಿಂದ ಒಳ್ಳೆಯದೇ ಆಯಿತು, ಅಪ್ಪನೂ ಹಾಗೇ ಹೇಳುತ್ತಿದ್ದ. ಆದರೂ ಮೀಟರ್ ಗೇಜಿನ ಕೊನೆಯ ಗಾಡಿ ಹೋದ ದಿನ ಅವನು ಊಟ ಮಾಡಲಿಲ್ಲ. 2022ರಲ್ಲಿ ಗಾರ್ಡ್ ಅನ್ನುವ ಹೆಸರೇ ಹೋಗಿ ಟ್ರೇನ್ ಮ್ಯಾನೇಜರ್ ಆಯಿತು. ಅದನ್ನು ಕೇಳಲು ಅಪ್ಪ ಇರಲಿಲ್ಲ.

ಲೆವೆಲ್ ಕ್ರಾಸಿಂಗಿನಲ್ಲಿ ಕಾರು ನಿಂತಾಗ ಅಪ್ಪನದೊಂದು ರೂಢಿಯಿತ್ತು. ಗಾಡಿಯ ಕೊನೆಯ ಡಬ್ಬಿಯ ಹಿಂದೆ ಹಗಲಿಗೆ ಎಲ್‌ವಿ (ಲಾಸ್ಟ್ ವೆಹಿಕಲ್) ಫಲಕ, ರಾತ್ರಿಗೆ ಕೆಂಪು ದೀಪ ಇರುತ್ತದೆ. ಅದು ಕಂಡರೇ ಗಾಡಿ ನಡುವೆ ತುಂಡಾಗಿಲ್ಲ, ಹಳಿಯ ಮೇಲೆ ಏನನ್ನೂ ಬಿಟ್ಟು ಬಂದಿಲ್ಲ ಎಂದರ್ಥ. ಅದನ್ನು ನೋಡದೆ ಸ್ಟೇಷನ್ ಮಾಸ್ತರು ಹಿಂದಿನ ಗಾಡಿಗೆ ದಾರಿ ಕೊಡುವಂತಿರಲಿಲ್ಲ. ಗೇಟು ತೆಗೆದು, ಹಿಂದಿನವರು ಹಾರ್ನ್ ಹೊಡೆದರೂ ಅಪ್ಪ ಕತ್ತು ಚಾಚಿ ಅದನ್ನು ಹುಡುಕುತ್ತಿದ್ದ. ಕಂಡಮೇಲೆ ‘ಹಾಂ, ಪೂರ್ತಿ ಬಂತು, ನಡೀರಿ’ ಎನ್ನುತ್ತಿದ್ದ.

ಮೊನ್ನೆ ಗದಗಿನ ದಾರಿಯಲ್ಲಿ ಗೇಟು ಬಿದ್ದಿತ್ತು. ಉದ್ದನೆಯ ಗೂಡ್ಸ್ ದಾಟಿತು, ಗೇಟು ಎದ್ದಿತು. ಸ್ಟೇರಿಂಗ್ ಹಿಡಿದ ನನ್ನ ಮಗ ಗಾಡಿ ಎತ್ತಲಿಲ್ಲ. ಕತ್ತು ಚಾಚಿ ನೋಡುತ್ತಿದ್ದ.