ಐದು ದೊಡ್ಡದೋ, ಒಂದು ದೊಡ್ಡದೋ?

ನೈರೋಬಿಯಲ್ಲಿ ಗೋರ್ ಮಾಹಿಯಾ ಮತ್ತು ಎಎಫ್‌ಸಿ ಲೆಪರ್ಡ್ಸ್ ಫುಟ್‌ಬಾಲ್ ಪಂದ್ಯಕ್ಕೆ ‘ಮಶೆಮೆಜಿ’ ಡರ್ಬಿ ಅಂತಾರೆ. ಸ್ವಾಹಿಲಿಯಲ್ಲಿ ಭಾವ-ಮೈದುನರು ಅಂತ ಅರ್ಥ. ಗೋರ್ ಲುವೊ ಜನರದ್ದು, ಲೆಪರ್ಡ್ಸ್ ಲುಹ್ಯಾ ಜನರದ್ದು. ನಡುವೆ ಮದುವೆ ಸಂಬಂಧ ಬೇಕಾದಷ್ಟಿವೆ.

ಯಾರು ದೊಡ್ಡವರು? ಪೂರ್ವ-ಮಧ್ಯ ಆಫ್ರಿಕಾದ ಕ್ಲಬ್ ಕಪ್ ಲೆಪರ್ಡ್ಸ್ ಗೆದ್ದಿದ್ದು 5 ಸಲ, ಗೋರ್ 3 ಸಲ. ಅಂಕಿ-ಅಂಶವೇ ಕಸುಬಾದ ನಾನು ಲೆಪರ್ಡ್ಸ್ ಅನ್ನಬೇಕು. ಆದ್ರೆ 1987 ಅಡ್ಡ ಬರುತ್ತೆ. ಆಫ್ರಿಕನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಎಸ್ಪೆರಾನ್ಸ್ ವಿರುದ್ಧ ಟ್ಯೂನಿಸ್‌ನಲ್ಲಿ 2-2, ನೈರೋಬಿಯಲ್ಲಿ 1-1. ಎರಡೂ ಡ್ರಾ! ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದಿದ್ದಕ್ಕೆ ಗೋರ್‌ಗೆ ಕಪ್. ಇಡೀ ಖಂಡದ ಕಪ್ ಕೀನ್ಯಾದ ಬೇರೆ ಯಾವ ಕ್ಲಬ್ಬಿಗೂ ಸಿಕ್ಕಿಲ್ಲ.

ನನ್ನ ವೋಟು ಗೋರ್‌ಗೆ. ಲೆಪರ್ಡ್ಸ್ ಅಭಿಮಾನಿ ಎದುರಾದ್ರೆ ಐದು ಬೆರಳು ತೋರಿಸ್ತಾನೆ. ಅದೂ ಸುಳ್ಳಲ್ಲ.