ಹಡಪ, ಸಂಚಿ, ಚಂಚಿ

ಅರಸರ ವಂಶಾವಳಿ, ಕಾಳಗ, ಕೋಟೆ ಕೊತ್ತಲಗಳ ವಿಷಯವಾಗಿ ಬರೆಯುವವರಿಗೆ ನಮ್ಮಲ್ಲಿ ಎಂದೂ ಕೊರತೆಯಾಗಿಲ್ಲ. ಜಮಖಂಡಿಯ ಪಟವರ್ಧನರ ಬಗೆಗೂ ಮುಧೋಳದ ಘೋರ್ಪಡೆಯವರ ಬಗೆಗೂ ಬರವಣಿಗೆ ಬೇಕಾದಷ್ಟಿದೆ. ಆದರೆ ಆ ಅರಸರ ಪ್ರಜೆಗಳಾದ ನೇಕಾರರು, ಒಕ್ಕಲಿಗರು, ಕೂಲಿಕಾರರು ಹಗಲೆಲ್ಲ ಮೈಮೇಲೆ ಧರಿಸಿಕೊಂಡು ತಿರುಗಿ, ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ ಒಂದು ವಸ್ತುವಿನ ಚರಿತ್ರೆಯನ್ನು ಬರೆಯಬೇಕೆಂದು ಯಾರಿಗೂ ತೋರಿದಂತಿಲ್ಲ. ಆ ವಸ್ತುವೇ ಚಂಚಿ. ಸಂಚಿಕೆಯೊಂದರಲ್ಲಿ ಸಂಚಿಗೆ ನಾಲ್ಕು ಪುಟ ದೊರೆಯುವುದು ಅನುಚಿತವೆಂದು ವಾಚಕರು ಭಾವಿಸಲಾರರೆಂದು ನಂಬುತ್ತೇನೆ.

ಚಂಚಿಯನ್ನು ಕಾಣದ ಎಳೆಯರಿಗಾಗಿ ಅದರ ರೂಪವನ್ನು ಮೊದಲು ಹೇಳಬೇಕು. ಒಂದು ಗೇಣಿನಷ್ಟು ಅಗಲದ, ಅದಕ್ಕಿಂತ ಎರಡು ಮೂರು ಪಟ್ಟು ಉದ್ದದ ಬಟ್ಟೆಯ ಪಟ್ಟಿ. ಅದರ ಮೇಲೆ ಸಾಲಾಗಿ ಹೊಲಿದ ಕಿಸೆಗಳು. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ಅಡಕೊತ್ತು, ಮತ್ತೊಂದರಲ್ಲಿ ತಂಬಾಕು. ಲವಂಗ ಯಾಲಕ್ಕಿಗೆ ಒಂದು ಚಿಕ್ಕ ಒಳಕಿಸೆ. ಎಲ್ಲಕ್ಕೂ ಬೇರೆಯಾಗಿ ಸುಣ್ಣದ ಡಬ್ಬಿಗೆ ಒಂದು ಗಟ್ಟಿ ಅಸ್ತರಿಯ ಕಿಸೆ. ಪಟ್ಟಿಯನ್ನು ಮಡಿಕೆ ಮಡಿಕೆಯಾಗಿ ಸುತ್ತಿ, ಅದರ ತುದಿಗಿರುವ ದಾರವನ್ನು ಎರಡು ಸುತ್ತು ಬಿಗಿದರೆ ಇಡೀ ಸಂಸಾರ ಒಂದು ಮುಷ್ಟಿಯಷ್ಟಾಗುತ್ತದೆ. ಗಂಡಸರು ಅದನ್ನು ಧೋತರದ ಟೊಂಕಕ್ಕೆ ಸಿಗಿಸಿಕೊಳ್ಳುತ್ತಿದ್ದರು. ಹೆಂಗಸರು ಸೀರೆಯ ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಕೈಗೆ ಭಾರವಿಲ್ಲ, ಹೆಗಲಿಗೆ ಹೊರೆಯಿಲ್ಲ. ಕೃಷ್ಣೆಯ ಆಚೆ ಮರಾಠಿಯಲ್ಲಿಯೂ ಇದಕ್ಕೆ ಚಂಚಿ ಎಂದೇ ಹೆಸರು. ಗಡಿಯ ಜನಕ್ಕೆ ಮಾತು ಎರಡಾದರೂ ಟೊಂಕದ ಚೀಲ ಒಂದೇ ಆಗಿತ್ತು.

ಈ ರಚನೆಯ ಜಾಣ್ಮೆಯೆಲ್ಲ ಇರುವುದು ಸುಣ್ಣದ ಡಬ್ಬಿಯಲ್ಲಿ. ಮುಧೋಳ ತಾಲೂಕಿನ ಲೋಕಾಪುರದ ಸುತ್ತಲಿನ ನೆಲದಲ್ಲಿ ಸುಣ್ಣದಕಲ್ಲಿಗೆ ಬರವಿಲ್ಲ. ಕಲ್ಲು ಸುಟ್ಟು, ನೀರು ಹಾಕಿ ಅರಳಿಸಿ, ಸೋಸಿ ಇಟ್ಟರೆ ತಿನ್ನುವ ಸುಣ್ಣ ಸಿದ್ಧ. ಆದರೆ ಅದನ್ನು ಸಿದ್ಧಪಡಿಸುವುದಕ್ಕಿಂತ ಒಯ್ಯುವುದು ಕಷ್ಟ. ಗಾಳಿಗೆ ತೆರೆದಿಟ್ಟರೆ ಅದು ಗಾಳಿಯೊಳಗಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಎಲೆಗೆ ತಗುಲಿದರೆ ಎಲೆಯನ್ನು ಸುಡುತ್ತದೆ. ಬಟ್ಟೆಗೆ ಸೋರಿದರೆ ಕಲೆ ಬಿಡುತ್ತದೆ. ಆದುದರಿಂದ ಬಿಗಿಯಾದ ಮುಚ್ಚಳದ, ಒಳಗೆ ತೇವ ನಿಲ್ಲುವ ಒಂದು ಪುಟ್ಟ ಪಾತ್ರೆ ಅವಶ್ಯವಾಯಿತು. ಹಿತ್ತಾಳೆಯ ಡಬ್ಬಿಗೆ ಒಂದು ಸರಪಣಿ, ಸರಪಣಿಯ ತುದಿಗೆ ಸುಣ್ಣ ತೆಗೆಯುವ ಕಡ್ಡಿ. ಮುಂದೆ ಬಂದ ಅಲ್ಯುಮಿನಿಯಂ ಡಬ್ಬಿ ಅಗ್ಗವಾದರೂ ಸುಣ್ಣದ ಕ್ಷಾರಕ್ಕೆ ಬಹುಕಾಲ ತಡೆಯುವ ಲೋಹವಲ್ಲ. ಹಿತ್ತಾಳೆ ತಡೆಯಿತು. ಎರಡು ಕಡೆ ಮುಚ್ಚಳವಿದ್ದು, ಒಂದು ಬದಿಗೆ ಸುಣ್ಣ, ಇನ್ನೊಂದು ಬದಿಗೆ ತಂಬಾಕು ತುಂಬುವ ಡಬ್ಬಿಯೂ ಬಳಕೆಯಲ್ಲಿತ್ತು.

ಇನ್ನು ಇದರ ಪೂರ್ವಜನ ಕಥೆ. ಹಳಗನ್ನಡದಲ್ಲಿ ಎಲೆಯಡಿಕೆಯ ಚೀಲಕ್ಕೆ ಹಡಪ ಎಂದು ಹೆಸರು. ಅದನ್ನು ಹಿಡಿದು ಒಡೆಯನ ಪಕ್ಕದಲ್ಲಿ ನಿಲ್ಲುವವನು ಹಡಪವಳ. ಇದು ಕೀಳು ಊಳಿಗವೆಂದು ಬಗೆಯಬಾರದು. ಅರಸನ ಬಾಯಿಗೆ ಹೋಗುವ ವಸ್ತುವನ್ನು ಕೈಯಲ್ಲಿ ಹಿಡಿದವನು ಅರಸನ ಪ್ರಾಣವನ್ನೇ ಕೈಯಲ್ಲಿ ಹಿಡಿದಂತೆ. ವಿಷದ ಭಯವಿದ್ದ ಕಾಲದಲ್ಲಿ ಆ ಕೆಲಸ ನಂಬಿಕಸ್ಥರಿಗೆ ಮಾತ್ರ ದೊರೆಯುತ್ತಿತ್ತು. ಹಡಪವಳರ ಹೆಸರುಗಳು ಅಧಿಕಾರಿಗಳ ಸಾಲಿನಲ್ಲಿಯೇ ಶಾಸನಗಳಲ್ಲಿ ಕಾಣಸಿಗುತ್ತವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ತಾಂಬೂಲಭೋಗಕ್ಕಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಝಾಕನು, ಇಮ್ಮಡಿ ದೇವರಾಯನು ತನಗೆ ಎಲೆ, ಹಣದ ಚೀಲ, ಕರ್ಪೂರಗಳನ್ನು ಕೊಟ್ಟು ಮನ್ನಿಸಿದುದನ್ನು ಬರೆದಿಟ್ಟು, ಈ ಎಲೆಯನ್ನು ಸುಣ್ಣದೊಡನೆ ಮೆಲ್ಲುವ ಕ್ರಮವನ್ನೂ ಬೆರಗಿನಿಂದ ವರ್ಣಿಸಿದ್ದಾನೆ.

ಹಡಪ ಹೊತ್ತವರಲ್ಲಿ ಇಬ್ಬರ ಹೆಸರನ್ನು ಕನ್ನಡ ಸಾಹಿತ್ಯವು ಮರೆಯಲಾರದು. ಮೊದಲನೆಯವರು ಹನ್ನೆರಡನೆಯ ಶತಮಾನದ ಹಡಪದ ಅಪ್ಪಣ್ಣನವರು. ಕಲ್ಯಾಣದಲ್ಲಿ ಬಸವಣ್ಣನವರ ಹಡಪ ಹಿಡಿದು ಅವರಿಗೆ ಅತ್ಯಂತ ನಿಕಟರಾಗಿದ್ದವರು. ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದವರು. ಅವರ ಧರ್ಮಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಕಲ್ಯಾಣದಲ್ಲಿ ಕೋಲಾಹಲವೆದ್ದಾಗ ಬಸವಣ್ಣನವರ ಪತ್ನಿ ನೀಲಾಂಬಿಕೆಯವರನ್ನು ಕೂಡಲಸಂಗಮದತ್ತ ಕರೆತಂದವರು ಅಪ್ಪಣ್ಣನವರೇ ಎಂದು ಪರಂಪರೆ ಹೇಳುತ್ತದೆ. ಕೃಷ್ಣೆಯ ದಡದ ತಂಗಡಗಿಯಲ್ಲಿ, ಸಂಗಮ ಇನ್ನೇನು ಸಮೀಪಿಸಿತು ಎನ್ನುವಾಗ, ಆ ಪಯಣ ನಿಂತಿತು. ಚೀಲ ಹೊರುವವನಿಗೆ ಒಡೆಯನ ಮನೆಯ ಜವಾಬ್ದಾರಿಯೇ ಬಂದ ಪ್ರಸಂಗವಿದು. ನಮ್ಮ ಬೀಳಗಿಯಿಂದ ಆ ಸ್ಥಳಗಳು ಬಹು ದೂರದವಲ್ಲ.

ಎರಡನೆಯವಳು ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ. ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ಬರೆದ ಈ ಕವಯಿತ್ರಿಯ ಹೆಸರಿನ ಹಿಂದೆ ಊರಿನ ಹೆಸರಿಲ್ಲ, ಮನೆತನದ ಹೆಸರಿಲ್ಲ, ಇರುವುದು ಆಕೆ ಹೊತ್ತ ಚೀಲದ ಹೆಸರು. ಒಬ್ಬರು ಹಡಪದವರು, ಒಬ್ಬಳು ಸಂಚಿಯವಳು. ಇನ್ನೊಬ್ಬರ ಎಲೆಯಡಿಕೆಯನ್ನು ಹೊತ್ತವರು ಸಾಹಿತ್ಯದಲ್ಲಿ ಅದೇ ಹೆಸರಿನಿಂದ ನಿಂತರು; ಅವರು ಎಲೆ ಮಡಿಸಿಕೊಟ್ಟ ಅದೆಷ್ಟೋ ದೊರೆಮಕ್ಕಳ ಹೆಸರು ಇಂದು ಯಾರಿಗೂ ಗೊತ್ತಿಲ್ಲ.

ಹಡಪಕ್ಕೂ ಚಂಚಿಗೂ ಇರುವ ನಿಜವಾದ ಭೇದವೂ ಇಲ್ಲಿಯೇ ಇದೆ. ಹಡಪವನ್ನು ಉಪಯೋಗಿಸುವವನು ಹೊರುವುದಿಲ್ಲ, ಹೊರುವವನು ಉಪಯೋಗಿಸುವುದಿಲ್ಲ. ಚಂಚಿಯನ್ನಾದರೋ ತಿನ್ನುವವನೇ ಹೊರಬೇಕು. ಅರಮನೆಯ ಚೀಲ ಮಡಿಕೆಯಾಗಿ, ಕಿರಿದಾಗಿ, ಆಳಿಲ್ಲದವನ ಟೊಂಕಕ್ಕೆ ಇಳಿದು ಬಂದಿತು. ಇದನ್ನು ಇಳಿತವೆನ್ನುವವರಿಗೆ ನಾನು ಒಪ್ಪಲಾರೆ. ಹಡಪವೆಂಬ ಮಾತು ಮುಂದೆ ಕ್ಷೌರಿಕನ ಆಯುಧಗಳ ಚೀಲಕ್ಕೂ ಸಂದಿತು. ಹಡಪದ ಎಂಬುದು ಉತ್ತರ ಕರ್ನಾಟಕದಲ್ಲಿ ಆ ಕಾಯಕದ ಸಮಾಜದ ಹೆಸರಾಗಿ, ಅಪ್ಪಣ್ಣನವರ ಜಯಂತಿಯನ್ನು ಆ ಸಮಾಜದವರು ಅಭಿಮಾನದಿಂದ ಆಚರಿಸುತ್ತಾರೆ.

ಚಂಚಿಗೆ ಹಡಪದಲ್ಲಿಲ್ಲದ ಒಂದು ಕಿಸೆ ಸೇರಿಕೊಂಡುದು ನಮ್ಮ ವಿಜಾಪುರ ಸೀಮೆಯ ಇತಿಹಾಸಕ್ಕೆ ನೇರವಾಗಿ ಸಂಬಂಧಿಸಿದೆ. ಅಪ್ಪಣ್ಣನವರ ಕಾಲದಲ್ಲಿ ತಂಬಾಕು ಈ ದೇಶದಲ್ಲಿ ಇರಲಿಲ್ಲ. ಪೋರ್ತುಗೀಜರ ಹಡಗುಗಳೊಡನೆ ಅದು ಪಶ್ಚಿಮ ಕರಾವಳಿಗೆ ಬಂದು, ಆದಿಲಶಾಹಿಯ ವಿಜಾಪುರಕ್ಕೆ ಏರಿತು. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗನು ವಿಜಾಪುರದಲ್ಲಿ ಮೊದಲ ಬಾರಿಗೆ ತಂಬಾಕನ್ನು ಕಂಡು, ಅದನ್ನೂ ಅಲಂಕೃತವಾದ ಒಂದು ಹುಕ್ಕಾವನ್ನೂ ಆಗ್ರೆಗೆ ಒಯ್ದು ಬಾದಶಹನಿಗೆ ಒಪ್ಪಿಸಿದನು. ರಾಜವೈದ್ಯರು ಬೇಡವೆಂದರೂ ಅಕ್ಬರನು ಒಂದೆರಡು ಬಾರಿ ಸೇದಿ ನೋಡಿದನೆಂದು ಅಸದ್ ಬೇಗನೇ ಬರೆದಿದ್ದಾನೆ. ಮುಂದೆ ನಿಪ್ಪಾಣಿ ತಂಬಾಕಿನ ದೊಡ್ಡ ಪೇಟೆಯಾಯಿತು. ಚಂಚಿಯ ತಂಬಾಕಿನ ಕಿಸೆ ಅಲ್ಲಿಂದ ಮುಂದೆ ಬರಿದಾಗಲಿಲ್ಲ.

1811ರಲ್ಲಿ ಸ್ಥಾಪಿತವಾದ ಜಮಖಂಡಿ ಸಂಸ್ಥಾನವೂ, ಮುಧೋಳದ ಸಂಸ್ಥಾನವೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಬೀಳಗಿಯಾದರೋ ಬ್ರಿಟಿಷರ ವಿಜಾಪುರ ಜಿಲ್ಲೆಯ ಊರಾಗಿತ್ತು. ಆಳುವವರು ಬೇರೆ ಬೇರೆಯಾದರೂ ಸಂತೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ರಬಕವಿ, ಬನಹಟ್ಟಿಗಳಲ್ಲಿ ಕುಣಿಮಗ್ಗದಲ್ಲಿ ಕುಳಿತ ನೇಕಾರನ ಕಾಲು ಕುಣಿಯಲ್ಲಿ, ಒಂದು ಕೈ ಲಾಳಿಯ ಹಗ್ಗದ ಮೇಲೆ, ಇನ್ನೊಂದು ಹಲಗೆಯ ಮೇಲೆ. ಎದ್ದು ಹೋಗಿ ಎಲೆ ಹಾಕಿಕೊಳ್ಳಲು ಅವನಿಗೆ ಸಮಯವಿಲ್ಲ. ಎಳೆ ಹರಿದು ಮಗ್ಗ ನಿಂತಾಗ ಮಾತ್ರ ಬಿಡುವು. ಆ ಬಿಡುವಿನಲ್ಲಿ ಬಿಚ್ಚಿ, ಹಚ್ಚಿ, ಮಡಿಸಿ, ಮತ್ತೆ ಕಟ್ಟಬಲ್ಲ ವಸ್ತು ಚಂಚಿಯೊಂದೇ. ಸೀರೆಯ ಅಂಚಿನ ಉಳಿದ ತುಂಡು, ಗುಳೇದಗುಡ್ಡದ ಖಣದ ಕತ್ತರಿಕೆ ಇಂಥವು ಚಂಚಿಯ ಹೊರಮೈಗೆ ಒದಗುತ್ತಿದ್ದವು. ಲಂಬಾಣಿ ತಾಂಡಾದ ಹೆಂಗಸರು ಕನ್ನಡಿ, ಕವಡೆಗಳನ್ನು ಕೂಡಿಸಿ ಹೊಲಿಯುವ ಚೀಲಗಳ ಅಂದವೇ ಬೇರೆ. ಸಂಡೂರಿನ ಲಂಬಾಣಿ ಕಸೂತಿಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ.

ಮೈಮೇಲೆ ಧರಿಸುವ ಡಬ್ಬಿಗಳು ಎಲೆಯಡಿಕೆಗೆ ಮಾತ್ರ ಸೀಮಿತವಾಗಿರಲಿಲ್ಲ. ಲಿಂಗಾಯತ ಬಂಧುಗಳು ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವನ್ನಿಟ್ಟು ಶಿವದಾರದಿಂದ ಕೊರಳಿಗೆ ಧರಿಸುತ್ತಾರೆ. ಬೆಳ್ಳಿ ಒದಗದವರು ಅರಿವೆಯಲ್ಲಿಯೇ ಕಟ್ಟಿಕೊಳ್ಳುತ್ತಾರೆ. ನಮ್ಮ ಗುರುಗಳು ರೋಗಿಗಳ ಮನೆಗೆ ಹೊರಟಾಗ ನಿಲುವಂಗಿಯ ಒಳಗೆ ಕೊರಳಿನಿಂದ ಇಳಿಬಿಟ್ಟ ಚಿಕ್ಕ ಚೀಲವನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ತೊಗಲಿನ ಮಡಿಕೆಯ ಆ ಚೀಲದ ಒಳಗೆ ರೇಷ್ಮೆಯ ಅಸ್ತರಿ. ಅದರೊಳಗೆ ಪರಮಪ್ರಸಾದದ ಚಪ್ಪಟೆ ಕರಂಡಕ, ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ತೈಲದ ಡಬ್ಬಿ. ಪವಿತ್ರ ಗುರುವಾರದ ಸುಮಾರಿಗೆ ಧರ್ಮಾಧ್ಯಕ್ಷರು ಆಶೀರ್ವದಿಸುವ ತೈಲವನ್ನು ಆ ಡಬ್ಬಿಯೊಳಗಿನ ಹತ್ತಿಗೆ ಕುಡಿಸಿಡುತ್ತಾರೆ. ಸೈಕಲ್ಲು ಹಳ್ಳದಲ್ಲಿ ಎಗರಿದರೂ ಹತ್ತಿ ಹಿಡಿದ ಎಣ್ಣೆ ಚೆಲ್ಲುವುದಿಲ್ಲ. ಆಲಿವ್ ಎಣ್ಣೆ ದೊರೆಯದ ನಾಡುಗಳಲ್ಲಿ ಬೇರೆ ಸಸ್ಯದ ಎಣ್ಣೆಯೂ ಸಲ್ಲುವುದೆಂದು ಆರನೆಯ ಪೌಲ್ ಜಗದ್ಗುರುಗಳು 1972ರಲ್ಲಿ ವಿಧಿಸಿದರು. ನಮ್ಮ ಜೋಳದ ನಾಡಿನ ಹಳ್ಳಿಯ ಜನಕ್ಕೆ ಅದು ಸಣ್ಣ ಉಪಕಾರವಲ್ಲ. ಸುಣ್ಣ ಆರದಂತೆ, ತೈಲ ಚೆಲ್ಲದಂತೆ, ಕೈಗಳು ಬಿಡುವಾಗಿರುವಂತೆ ಒಯ್ಯಬೇಕೆಂಬ ಒಂದೇ ಅವಶ್ಯಕತೆಯಿಂದ ಈ ಚೀಲಗಳೆಲ್ಲ ಹುಟ್ಟಿದವು.

ಚಂಚಿ ಹೇಗೆ ಹೋಯಿತು? ಮೊದಲ ಪೆಟ್ಟು ಕಿಸೆಯುಳ್ಳ ಅಂಗಿಯದು. ಅಂಗಿಯಲ್ಲಿಯೇ ಕಿಸೆ ಬಂದ ಮೇಲೆ ಬೇರೆ ಕಿಸೆಯ ಪಟ್ಟಿ ಯಾಕೆ ಬೇಕು? ಎರಡನೆಯದು ಇನ್ನೂ ಕಠೋರವಾದುದು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಗುಟಖಾದ ಪ್ಲಾಸ್ಟಿಕ್ ಚೀಟಿಗಳು ಬಾವಲಿಗಳಂತೆ ಪ್ರತಿ ಅಂಗಡಿಯ ಮುಂದೆ ಜೋತುಬಿದ್ದವು. ಚಂಚಿಯ ಆರು ಕಿಸೆಗಳ ಕೆಲಸವನ್ನು ಹರಿದೊಗೆಯುವ ಒಂದು ಚೀಟಿ ಮಾಡಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2011ರ ಮಾರ್ಚಿನಿಂದ ಪ್ಲಾಸ್ಟಿಕ್ ಚೀಟಿಗಳೂ, 2013ರಲ್ಲಿ ಕರ್ನಾಟಕದಲ್ಲಿ ಗುಟಖಾವೇ ನಿಷಿದ್ಧವಾದವು. ಅಷ್ಟರಲ್ಲಿ ಚಂಚಿ ಹೊಲಿಯುವ ಕೈಗಳು ಬೇರೆ ಕೆಲಸ ಹಿಡಿದಿದ್ದವು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಚಂಚಿಯ ಒಳಗೆ ಇದ್ದುದು ಅಮೃತವಲ್ಲ. ತಂಬಾಕು ಕೂಡಿದ ಎಲೆಯಡಿಕೆ ಬಾಯಿಯ ಅರ್ಬುದಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 1985ರಲ್ಲಿಯೇ ನಿರ್ಣಯಿಸಿತ್ತು. ತಂಬಾಕಿಲ್ಲದ ಎಲೆಯಡಿಕೆಯೂ, ಬರಿಯ ಅಡಿಕೆಯೂ ಅಂಥವೇ ಎಂದು 2004ರಲ್ಲಿ ಪ್ರಕಟಿಸಿತು. ನಮ್ಮ ಹಿರಿಯರಲ್ಲಿ ಬಾಯಿ ತೆರೆಯಲಾರದೆ, ಗಂಜಿ ನುಂಗಲಾರದೆ ತೀರಿಹೋದವರ ಟೊಂಕದಲ್ಲಿಯೂ ಇದೇ ಚಂಚಿ ಇತ್ತು. ಆದುದರಿಂದ ಎಲೆಯಡಿಕೆಯ ವ್ಯಸನ ಮತ್ತೆ ಬರಲಿ ಎಂದು ಈ ಲೇಖನ ಹಾರೈಸುವುದಿಲ್ಲ. ಆದರೆ ಒಳಗಿನ ಪದಾರ್ಥದ ದೋಷವನ್ನು ಹೊರಗಿನ ಚೀಲದ ತಲೆಗೆ ಕಟ್ಟುವುದು ನ್ಯಾಯವಲ್ಲ. ಚಂಚಿ ಹೋದರೂ ಸುಣ್ಣ ಹೋಗಲಿಲ್ಲ. ಅದು ತೆಳ್ಳನೆಯ ಪ್ಲಾಸ್ಟಿಕ್ ಪೊಟ್ಟಣವನ್ನು ಹೊಕ್ಕಿತು. ಬಿಸಾಡಿದ ಪೊಟ್ಟಣವನ್ನು ಹಿಸುಕಿ ಆಡುವ ಮಕ್ಕಳ ಕಣ್ಣಿಗೆ ಸುಣ್ಣ ಸಿಡಿದು ದೃಷ್ಟಿಯೇ ಹೋದ ಪ್ರಸಂಗಗಳನ್ನು ನಮ್ಮ ದೇಶದ ನೇತ್ರವೈದ್ಯರು ವರದಿ ಮಾಡಿದ್ದಾರೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ನಾವು ಪಕ್ಷಪಾತಕ್ಕೆ ಹೇಳುತ್ತೇವೆ. ಈ ಮಕ್ಕಳ ಪಾಲಿಗೆ ಅದು ಗಾದೆಯಾಗಿ ಉಳಿಯಲಿಲ್ಲ. ಮುಚ್ಚಳ ಬಿಗಿದ ಹಿತ್ತಾಳೆಯ ಡಬ್ಬಿ ದೊಡ್ಡವರ ಟೊಂಕದಲ್ಲಿ ಮಡಿಕೆಯೊಳಗೆ ಇದ್ದಷ್ಟು ಕಾಲ ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ.

ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಬಗೆಬಗೆಯ ಅಡಕೊತ್ತುಗಳನ್ನೂ ಎಲೆಯಡಿಕೆಯ ಡಬ್ಬಿಗಳನ್ನೂ ಕಾಣಬಹುದು. ಲೋಹದವು ಉಳಿದವು, ಬಟ್ಟೆಯವು ಹರಿದುಹೋದವು. ಆಲಮಟ್ಟಿಯ ಹಿನ್ನೀರು ಏರಿ ಬೀಳಗಿ ಸೀಮೆಯ ಹಳ್ಳಿಗಳು ಎದ್ದು ಹೋಗುವಾಗ ಹಳೆಯ ಪೆಟ್ಟಿಗೆಗಳಿಂದ ಏನೇನು ಹೊರಬಿದ್ದು, ಏನೇನು ಅಲ್ಲಿಯೇ ಉಳಿಯಿತೋ ಎಣಿಸಿದವರಿಲ್ಲ. ವಾಚಕರ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜನ ಚಂಚಿಯೊಂದು ಇದ್ದರೆ, ಅದನ್ನು ಮತ್ತೆ ಕಟ್ಟಿಡುವ ಮೊದಲು ಸುಣ್ಣದ ಡಬ್ಬಿಯನ್ನು ಹೊರತೆಗೆದು ಬೇರೆ ಇಡಬೇಕು. ಒಣಗಿದ ಸುಣ್ಣದಲ್ಲಿಯೂ ಅಲ್ಪಸ್ವಲ್ಪ ಕ್ಷಾರ ಉಳಿದಿರುತ್ತದೆ. ಮಳೆಗಾಲದ ತೇವಕ್ಕೆ ಅದು ರೇಷ್ಮೆಯ ಖಣವನ್ನು ಮೆಲ್ಲಗೆ ತಿನ್ನುತ್ತದೆ.