ಎದೆಯ ಮೇಲಿನ ಪದಕ, ಹೆಸರಿನ ಹಿಂದಿನ ಬಿರುದು

ನಮ್ಮ ಊರಿನ ಒಂದು ಸಂಘದ ವಾರ್ಷಿಕೋತ್ಸವಕ್ಕೆ ಆಮಂತ್ರಣ ಪತ್ರಿಕೆ ಅಚ್ಚಾಗುತ್ತಿತ್ತು. ಕನ್ನಡ ಕಲಿಸುವವರೆಂಬ ಕಾರಣಕ್ಕೆ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತು. ಮುಖ್ಯ ಅತಿಥಿಗಳ ಹೆಸರಿನ ಹಿಂದೆ ದಪ್ಪಕ್ಷರಗಳಲ್ಲಿ ‘ಪದ್ಮಶ್ರೀ’ ಎಂದಿತ್ತು. ನಾನು ಅದಕ್ಕೊಂದು ಗೆರೆ ಎಳೆದು, ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ಪದ್ಮಶ್ರೀ ಪುರಸ್ಕೃತರು’ ಎಂದು ಬರೆದು ಕಳುಹಿಸಿದೆ. ಸಂಜೆಗೆ ಕಾರ್ಯದರ್ಶಿಗಳು ಮನೆಗೇ ಬಂದರು.

“ಎಂತ ಮಾರಾಯ್ರೆ, ಕೊಟ್ಟದ್ದು ಸರಕಾರ. ಹೆಸರಿನ ಹಿಂದೆ ಹಾಕ್ಲಿಕ್ಕೆ ನಿಮಗೆಂತ ಕಷ್ಟ?” ಎಂದರು.

ಹಾಗೆ ಹಾಕಬಾರದೆಂದು ನಿಯಮವಿದೆ ಎಂದೆ. ಅವರು ನಂಬಲಿಲ್ಲ. “ಒಬ್ಬ ದೊಡ್ಡವರನ್ನು ಕರೆದು ಸಣ್ಣದು ಮಾಡಿದ ಹಾಗಾಗ್ತದೆ” ಎಂದು ಹೇಳಿ, ಕಾಫಿ ಕುಡಿದು, ಮುಖ ಸಪ್ಪಗೆ ಮಾಡಿಕೊಂಡು ಹೋದರು. ಆ ರಾತ್ರಿ ನನಗೂ ಸಮಾಧಾನವಿರಲಿಲ್ಲ. ಒಂದು ಪದವನ್ನು ಹೆಸರಿನ ಮೇಲಿನಿಂದ ಕೆಳಕ್ಕೆ ಇಳಿಸಿದರೆ ನಿಜವಾಗಿಯೂ ಮನುಷ್ಯ ಸಣ್ಣವನಾಗುತ್ತಾನೆಯೆ? ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಬಿರುದಿನ ಮೋಹ ಕನ್ನಡಿಗರಿಗೆ ಹೊಸದೇನೂ ಅಲ್ಲ. ನಮ್ಮ ಶಾಸನಗಳಲ್ಲಿ ಅರಸನ ಹೆಸರು ಸಿಕ್ಕುವ ಮೊದಲು ಬಿರುದುಗಳ ಕಾಡನ್ನು ದಾಟಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟ. ಚಾಲುಕ್ಯರ ಆಸ್ಥಾನದಲ್ಲಿ ರನ್ನ ‘ಕವಿಚಕ್ರವರ್ತಿ’ಯಾದ. ಪಂಪನಿಗೆ ಅರಿಕೇಸರಿ ಬಿರುದಿನ ಜೊತೆಗೆ ನಿಲ್ಲದೆ ಧರ್ಮಪುರವೆಂಬ ಅಗ್ರಹಾರವನ್ನೇ ಕೊಟ್ಟ. ಆದರೆ ಇಂದು ತರಗತಿಯಲ್ಲಿ ನಾವು ‘ಪಂಪ’ ಎನ್ನುತ್ತೇವೆ, ‘ರನ್ನ’ ಎನ್ನುತ್ತೇವೆ. ಸಾವಿರ ವರ್ಷ ಬಾಳಿದ್ದು ಎರಡಕ್ಷರದ ಹೆಸರು. ಬಿರುದು ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿ ಉಳಿದಿದೆ.

ಇಂಗ್ಲಿಷರು ಬಂದ ಮೇಲೆ ಈ ವ್ಯವಹಾರ ಹೊಸ ಅಂಗಿ ತೊಟ್ಟಿತು. ರಾವ್ ಸಾಹೇಬ್, ರಾವ್ ಬಹಾದ್ದೂರ್, ದಿವಾನ್ ಬಹಾದ್ದೂರ್ ಎಂದು ಮೆಟ್ಟಿಲುಗಳು. ಅವುಗಳ ಮೇಲೆ ‘ಸರ್’. ಬಿರುದು ಬಂದವರಲ್ಲಿ ಯೋಗ್ಯರಿರಲಿಲ್ಲವೆಂದಲ್ಲ. ಮಂಗಳೂರಿನಲ್ಲಿ ದಲಿತರ ಮಕ್ಕಳಿಗಾಗಿ ಶಾಲೆ ತೆರೆದು, ಜಾತಿಯವರ ಬಹಿಷ್ಕಾರವನ್ನು ಸಹಿಸಿದ ಕುದ್ಮುಲ್ ರಂಗರಾಯರೂ ‘ರಾವ್ ಸಾಹೇಬ’ರೇ. ಇಂದು ನಮ್ಮ ಪುರಭವನಕ್ಕೆ ಅವರ ಹೆಸರಿದೆ. ಅಲ್ಲಿಗೆ ನಾಟಕಕ್ಕೋ ಸಭೆಗೋ ಹೋಗುವವರಲ್ಲಿ ಅವರಿಗೆ ಅಂಥದೊಂದು ಬಿರುದಿತ್ತೆಂದು ಬಲ್ಲವರು ಎಷ್ಟು ಮಂದಿ?

ಬಿರುದು ಕೊಡುವ ಕೈ ಯಾವುದು ಎಂಬ ಪ್ರಶ್ನೆ ಎದ್ದದ್ದು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ. 1919ರಲ್ಲಿ ಜಲಿಯನ್‌ವಾಲಾಬಾಗಿನ ಹತ್ಯೆಯ ತರುವಾಯ ರವೀಂದ್ರನಾಥ ಠಾಕೂರರು ‘ಸರ್’ ಪದವಿಯನ್ನು ಬಿಟ್ಟುಕೊಟ್ಟರು. 1920ರ ಆಗಸ್ಟ್ 1ರಂದು ಗಾಂಧೀಜಿಯವರು ತಮ್ಮ ಕೈಸರ್-ಇ-ಹಿಂದ್ ಪದಕವನ್ನು ವೈಸರಾಯರಿಗೆ ಹಿಂದಿರುಗಿಸಿದರು. ಅದೇ ತಿಂಗಳ 19ರಂದು ಅವರು ಮಂಗಳೂರಿಗೆ ಬಂದರು. ಈ ಊರಿಗೆ ಅದು ಅವರ ಮೊದಲ ಭೇಟಿ. ಪದಕ ಬಿಟ್ಟು ಹದಿನೆಂಟು ದಿನಗಳಷ್ಟೇ ಆಗಿದ್ದ ಆ ಮನುಷ್ಯನನ್ನು ನೋಡಲು ಕೂಡಿದ ಜನರಿಗೆ, ಎದೆ ಖಾಲಿಯಿದ್ದರೂ ತೂಕ ಕಡಿಮೆಯಾಗುವುದಿಲ್ಲವೆಂಬ ಪಾಠ ಬೇರೆ ಹೇಳಬೇಕಾಗಿರಲಿಲ್ಲ.

ಸ್ವತಂತ್ರ ಭಾರತದ ಸಂವಿಧಾನದ 18ನೆಯ ಅನುಚ್ಛೇದ ಈ ಪಾಠದ ಫಲ. ಸೈನಿಕ ಮತ್ತು ವಿದ್ಯಾ ಸಂಬಂಧದ ಗೌರವಗಳನ್ನುಳಿದು ಬೇರಾವ ಬಿರುದನ್ನೂ ಸರಕಾರ ಕೊಡತಕ್ಕದ್ದಲ್ಲ ಎಂದು ಅದು ಸಾರುತ್ತದೆ. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು, ನಮ್ಮ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ವಿಚಿತ್ರವೆಂದರೆ, ಸ್ವತಃ ಅವರಿಗೇ 1938ರಿಂದ ‘ಸರ್’ ಪದವಿ ಇತ್ತು. ಬಿರುದಿದ್ದವರೊಬ್ಬರು ಬಿರುದುಗಳಿಲ್ಲದ ದೇಶಕ್ಕೆ ಕರಡು ಬರೆದರು.

ಹಾಗಿದ್ದರೂ, ದೊಡ್ಡ ಕೆಲಸ ಮಾಡಿದವರನ್ನು ದೇಶ ಗುರುತಿಸಬೇಡವೆ? ಈ ಪ್ರಶ್ನೆಗೆ ಉತ್ತರವಾಗಿ 1954ರ ಜನವರಿ 2ರಂದು ರಾಷ್ಟ್ರಪತಿಗಳ ಪ್ರಕಟಣೆ ಹೊರಬಿದ್ದಿತು. ಭಾರತರತ್ನ ಒಂದು, ಪದ್ಮವಿಭೂಷಣ ಇನ್ನೊಂದು, ಅದರಲ್ಲಿ ಪಹಲಾ, ದೂಸರಾ, ತೀಸರಾ ಎಂದು ಮೂರು ವರ್ಗ. ‘ತೀಸರಾ ವರ್ಗ’ವೆಂದರೆ ರೈಲಿನ ಮೂರನೆಯ ದರ್ಜೆಯ ನೆನಪಾಗುವುದು ಸಹಜ. ಮರುವರ್ಷ, 1955ರ ಜನವರಿ 8ರಂದು, ಆ ಮೂರಕ್ಕೆ ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ ಎಂಬ ಇಂದಿನ ಹೆಸರುಗಳು ಬಂದವು. ಮೊದಲ ವರ್ಷ ಭಾರತರತ್ನರಾದವರು ರಾಜಗೋಪಾಲಾಚಾರಿ, ರಾಧಾಕೃಷ್ಣನ್ ಮತ್ತು ಬೆಂಗಳೂರಿನಲ್ಲಿ ನೆಲೆಸಿದ್ದ ಸಿ. ವಿ. ರಾಮನ್. ಕನ್ನಡದ ಮೇಷ್ಟರಿಗೆ ಇಲ್ಲಿಯೂ ಒಂದು ‘ರತ್ನತ್ರಯ’ ಕಂಡರೆ ತಪ್ಪಲ್ಲವಷ್ಟೆ!

ಮೊದಲ ನಿಯಮಗಳಲ್ಲಿ ಮರಣೋತ್ತರವಾಗಿ ಭಾರತರತ್ನ ಕೊಡಲು ಅವಕಾಶವಿರಲಿಲ್ಲ. 1955ರಲ್ಲಿ ಅದು ಸೇರಿತು. ಹಾಗೆ ಪಡೆದವರಲ್ಲಿ ಮೊದಲಿಗರು 1966ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿ. ನಮ್ಮ ನರಸಿಂಗರಾಯರು ತೀರಿಕೊಂಡದ್ದು 1953ರ ನವೆಂಬರ್ 30ರಂದು, ಪ್ರಕಟಣೆಗೆ ಒಂದು ತಿಂಗಳ ಹಿಂದೆ.

ಇನ್ನು ಪದಕದ ರೂಪ. ಭಾರತರತ್ನಕ್ಕೆ ಮೊದಲು ಯೋಚಿಸಿದ್ದು 35 ಮಿಲಿಮೀಟರಿನ ದುಂಡು ಚಿನ್ನದ ಪದಕ. ಅದು ಬದಲಾಗಿ ಅಶ್ವತ್ಥದ ಎಲೆಯ ಆಕಾರದ ಕಂಚಿನ ಪದಕವಾಯಿತು. ಉದ್ದ 59 ಮಿಲಿಮೀಟರು, ಅಗಲ 48, ಅಂಚಿಗೆ ಪ್ಲಾಟಿನಂ. ಎಲೆಯ ನಡುವೆ ಪ್ಲಾಟಿನಂನ ಸೂರ್ಯ, ಕೆಳಗೆ ದೇವನಾಗರಿಯಲ್ಲಿ ‘ಭಾರತ ರತ್ನ’. ಬೆನ್ನಿಗೆ ಸಿಂಹಲಾಂಛನ ಮತ್ತು ‘ಸತ್ಯಮೇವ ಜಯತೇ’. ಕೊರಳಿಗೆ ಹಾಕಲು ಬಿಳಿಯ ಪಟ್ಟಿ. ಪದ್ಮ ಪದಕಗಳ ನಡುವೆ ತಾವರೆ. ಹೂವಿನ ಮೇಲೆ ‘ಪದ್ಮ’ ಎಂದೂ ಕೆಳಗೆ ‘ವಿಭೂಷಣ’, ‘ಭೂಷಣ’ ಅಥವಾ ‘ಶ್ರೀ’ ಎಂದೂ ಬರೆದಿರುತ್ತದೆ. ಇವೆಲ್ಲ ತಯಾರಾಗುವುದು ಕೋಲ್ಕತ್ತದ ಅಲಿಪುರ ಟಂಕಸಾಲೆಯಲ್ಲಿ. ಪದಕದೊಡನೆ ರಾಷ್ಟ್ರಪತಿಗಳ ಸಹಿ, ಮುದ್ರೆಯುಳ್ಳ ಸನದು ಸಿಗುತ್ತದೆ, ಹಣ ಸಿಗುವುದಿಲ್ಲ. ಅಗ್ರಹಾರವಂತೂ ಇಲ್ಲ. ಕಿರೀಟವೂ ಖಡ್ಗವೂ ಇಲ್ಲದೆ ಒಂದು ಎಲೆ, ಒಂದು ಹೂವು: ಗಣರಾಜ್ಯಕ್ಕೆ ತಕ್ಕ ಆಯ್ಕೆಯೆಂದೇ ನನ್ನ ಭಾವನೆ.

ಇಷ್ಟಾದರೂ ಸಂಶಯ ಹೋಗಲಿಲ್ಲ. ಇದು ಹಳೆಯ ಬಿರುದೇ ಹೊಸ ವೇಷದಲ್ಲಿ ಬಂದಂತಲ್ಲವೆ? 1977ರಲ್ಲಿ ಮೊರಾರ್ಜಿ ದೇಸಾಯಿಯವರ ಸರಕಾರ ಇವನ್ನೆಲ್ಲ ನಿಲ್ಲಿಸಿಬಿಟ್ಟಿತು. 1980ರಲ್ಲಿ ಮತ್ತೆ ಆರಂಭವಾಯಿತು. 1992ರಲ್ಲಿ ವ್ಯಾಜ್ಯಗಳಿಂದಾಗಿ ಪುನಃ ತಡೆ ಬಿದ್ದಿತು. 1995ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು: ಇವು 18ನೆಯ ಅನುಚ್ಛೇದ ನಿಷೇಧಿಸಿದ ಬಿರುದುಗಳಲ್ಲ, ಆದರೆ ಹೆಸರಿನ ಹಿಂದಾಗಲಿ ಮುಂದಾಗಲಿ ಇವನ್ನು ಸೇರಿಸತಕ್ಕದ್ದಲ್ಲ, ಸೇರಿಸಿಕೊಂಡವರು ಪುರಸ್ಕಾರವನ್ನೇ ಕಳೆದುಕೊಳ್ಳಬೇಕಾದೀತು. ನಾನು ಎಳೆದ ಗೆರೆಗೆ ಆಧಾರ ಇದೇ. ಪುರಸ್ಕಾರ ಕೆಲಸಕ್ಕೆ ಸಲ್ಲುವ ಕೃತಜ್ಞತೆ. ಅದು ಹೆಸರಿಗೆ ಅಂಟಿತೋ, ಅಂದಿನಿಂದ ಬಿರುದು.

ಕರಾವಳಿಯ ಮೂವರನ್ನು ಇಲ್ಲಿ ನೆನೆಯಬೇಕು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ 1955ರಲ್ಲೇ ಪದ್ಮಭೂಷಣ, 1987ರಲ್ಲಿ ಪದ್ಮವಿಭೂಷಣ ಬಂದವು. ಅವರನ್ನು ಇಂದು ನೆನೆಯುವುದು ದೇಶದ ಕೈಕಸುಬುಗಳಿಗೆ ಮರುಜೀವ ಕೊಟ್ಟವರೆಂದು. ಶಿವರಾಮ ಕಾರಂತರಿಗೆ 1968ರಲ್ಲಿ ಪದ್ಮಭೂಷಣ ಬಂದಿತು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಅದನ್ನು ಹಿಂದಿರುಗಿಸಿದರು. ‘ಕಡಲ ತೀರದ ಭಾರ್ಗವ’ ಎಂದು ಜನ ಕರೆದದ್ದನ್ನು ಮಾತ್ರ ಹಿಂದಿರುಗಿಸಲು ಯಾವ ಕಚೇರಿಯೂ ಇರಲಿಲ್ಲ. ಮೂರನೆಯವರು ಹರೇಕಳ ಹಾಜಬ್ಬ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶೀಯರು ಇಂಗ್ಲಿಷಿನಲ್ಲಿ ಕೇಳಿದ ಬೆಲೆ ಅರ್ಥವಾಗದೆ ನಾಚಿದ ಈ ವ್ಯಕ್ತಿ, ತನ್ನ ಊರಿನ ಮಕ್ಕಳಿಗೆ ಆ ಗತಿ ಬಾರದಿರಲೆಂದು ನ್ಯೂಪಡ್ಪಿನಲ್ಲಿ ಶಾಲೆ ಕಟ್ಟಿಸಿದರು. 2020ರಲ್ಲಿ ಘೋಷಣೆಯಾದ ಪದ್ಮಶ್ರೀಯನ್ನು 2021ರ ನವೆಂಬರಿನಲ್ಲಿ ಸ್ವೀಕರಿಸಲು ರಾಷ್ಟ್ರಪತಿಗಳ ಮುಂದೆ ಅವರು ಬರಿಗಾಲಲ್ಲಿ ನಡೆದು ಹೋದರು. ಅಂದು ಅವರಿಂದ ಪದಕಕ್ಕೆ ಶೋಭೆ ಬಂದಿತೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಕೊನೆಗೆ ನನ್ನ ಮನೆಯ ಮಾತು. ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ಹಿತ್ತಾಳೆಯ ಫಲಕವಿದೆ. ಅದರಲ್ಲಿ ಕೊರೆದಿರುವುದು ‘ರಾವ್ ಸಾಹೇಬ್’ ಎಂಬ ಎರಡು ಪದ, ಅದರ ಮುಂದೆ ಎರಡು ಇಂಗ್ಲಿಷ್ ಅಕ್ಷರ. ಅದು ನನ್ನ ಮುತ್ತಜ್ಜನದು. ಬಾಲ್ಯದಲ್ಲಿ ನಾವೆಲ್ಲ ಅವರನ್ನು ‘ರಾವ್ ಸಾಹೇಬಜ್ಜ’ ಎಂದೇ ಹೇಳುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ವಂಶವೃಕ್ಷ ಬರೆಯಲು ಕುಳಿತಾಗ ಅವರ ಹೆಸರೇನೆಂದು ದೊಡ್ಡಮ್ಮನನ್ನು ಕೇಳಿದೆ. ಎಂಬತ್ತು ದಾಟಿದ ಅವರು ಬಹಳ ಹೊತ್ತು ಯೋಚಿಸಿ, “ಹೆಸರು ಇತ್ತು ಮಗಾ, ಯಾರೂ ಕರೆಯುತ್ತಿರಲಿಲ್ಲ” ಎಂದರು. ಹೆಸರು ಕೊನೆಗೆ ಸಿಕ್ಕಿದ್ದು ಒಂದು ಹಳೆಯ ಅಡಮಾನ ಪತ್ರದಲ್ಲಿ. ಅವರು ಏನು ಕೆಲಸ ಮಾಡಿ ಆ ಬಿರುದು ಪಡೆದರೆಂಬುದು ಮನೆಯಲ್ಲಿ ಇಂದಿಗೂ ಯಾರಿಗೂ ತಿಳಿಯದು.

ವಾರ್ಷಿಕೋತ್ಸವದ ಹೊತ್ತಿಗೆ ಆಮಂತ್ರಣ ನಾನು ತಿದ್ದಿದಂತೆಯೇ ಅಚ್ಚಾಗಿತ್ತು. ವೇದಿಕೆಯಲ್ಲಿ ನಿರೂಪಕರು ಮಾತ್ರ ಅತಿಥಿಗಳನ್ನು ನಾಲ್ಕು ಸಲವೂ ‘ಪದ್ಮಶ್ರೀ’ ಎಂದೇ ಸಂಬೋಧಿಸಿದರು. ಪಕ್ಕದಲ್ಲಿ ಕುಳಿತಿದ್ದ ಕಾರ್ಯದರ್ಶಿಗಳು ನನ್ನ ಕಡೆ ನೋಡಿ ನಕ್ಕರು. ಅಂದು ಅವರಿಗೆ ನಾನು ಕಾನೂನು ಹೇಳಲಿಲ್ಲ, ಅಟ್ಟದ ಮೇಲಿನ ಫಲಕದ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮುಂದಿನ ವರ್ಷವೂ ಕರಡು ನೀವೇ ನೋಡಿ” ಎಂದರು.